‘ಡಿಸ್ಕ್ ಹಾಕಿ’ ಎನ್ನುವ ಆಟ, ಡ್ರೈವೇ ಇಲ್ಲದ ಕಂಪ್ಯೂಟರ್: ವರ್ಚುವಲ್ ಡ್ರೈವ್ ಕೈಕೊಟ್ಟಾಗ ದೋಷ ಹುಡುಕುವುದು ಹೇಗೆ?

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಅಥವಾ ಡಿವಿಡಿ ಹಾಕುವ ಜಾಗವೇ ಇರುವುದಿಲ್ಲ. ಡೆಸ್ಕ್‌ಟಾಪ್ ಕ್ಯಾಬಿನೆಟ್‌ಗಳಲ್ಲೂ ಅದು ಅಪರೂಪವಾಗುತ್ತಿದೆ. ಆದರೆ 1990ರ ದಶಕದ ನಡುಭಾಗದಿಂದ ಸುಮಾರು 2010ರವರೆಗೆ ಕಂಪ್ಯೂಟರ್ ಆಟಗಳು ಹೆಚ್ಚಾಗಿ ಕೈಸೇರುತ್ತಿದ್ದದ್ದು ಡಿಸ್ಕ್‌ನ ಮೂಲಕವೇ. ಆ ಡಿಸ್ಕ್‌ಗಳನ್ನು ಜೋಪಾನವಾಗಿ ಇಟ್ಟುಕೊಂಡಿರುವವರು ಹೊಸ ಕಂಪ್ಯೂಟರ್ ಕೊಂಡ ಮೇಲೆ ಅವುಗಳನ್ನು ಫೈಲ್ ರೂಪಕ್ಕೆ ಇಳಿಸಿಕೊಂಡು, ವರ್ಚುವಲ್ ಡ್ರೈವ್ ಎಂಬ ವ್ಯವಸ್ಥೆಯ ಮೂಲಕ ಆಡಲು ಹೊರಡುತ್ತಾರೆ. ಕೆಲವು ಆಟಗಳು ತಕರಾರಿಲ್ಲದೆ ತೆರೆದುಕೊಳ್ಳುತ್ತವೆ. ಇನ್ನು ಕೆಲವು, ಡ್ರೈವ್ ಕಣ್ಣೆದುರಿಗೇ ಕಾಣುತ್ತಿದ್ದರೂ, ‘ಸರಿಯಾದ ಡಿಸ್ಕ್ ಹಾಕಿ ಮತ್ತೆ ಪ್ರಯತ್ನಿಸಿ’ ಎಂದು ಹಟ ಹಿಡಿಯುತ್ತವೆ.

ಈ ಸಂದೇಶ ಒಂದೇ ಆದರೂ ಅದರ ಮೂಲ ನಾಲ್ಕು ಬೇರೆ ಬೇರೆ ಕಡೆ ಇರಬಹುದು: ಡಿಸ್ಕ್‌ನಿಂದ ಇಳಿಸಿಕೊಂಡ ಫೈಲ್‌ನಲ್ಲಿ, ವರ್ಚುವಲ್ ಡ್ರೈವ್ ಸೃಷ್ಟಿಸುವ ಸಾಫ್ಟ್‌ವೇರ್‌ನಲ್ಲಿ, ಆ ಡ್ರೈವ್‌ಗೆ ಸಿಕ್ಕಿರುವ ಅಕ್ಷರದಲ್ಲಿ, ಇಲ್ಲವೇ ಆಟದೊಳಗೇ ಅಡಗಿರುವ ನಕಲು ತಡೆ ವ್ಯವಸ್ಥೆಯಲ್ಲಿ. ಯಾವುದು ಎಂದು ತಿಳಿಯದೆ ಒಂದಾದ ಮೇಲೊಂದು ಸಾಫ್ಟ್‌ವೇರ್ ಹಾಕಿಕೊಳ್ಳುತ್ತಾ ಹೋದರೆ ಮೂಲ ತೊಂದರೆ ಹಾಗೇ ಉಳಿದು, ಅದರ ಮೇಲೆ ಹೊಸದೊಂದು ಸೇರಿಕೊಳ್ಳುತ್ತದೆ.

ವರ್ಚುವಲ್ ಡ್ರೈವ್ ಎಂದರೆ ಏನು?

ಕಂಪ್ಯೂಟರ್‌ನಲ್ಲಿ ನಿಜವಾದ ಡಿಸ್ಕ್ ಡ್ರೈವ್ ಇದ್ದಾಗ ಆಪರೇಟಿಂಗ್ ಸಿಸ್ಟಮ್ ಅದರೊಂದಿಗೆ ನೇರವಾಗಿ ಮಾತನಾಡುವುದಿಲ್ಲ. ನಡುವೆ ಡ್ರೈವರ್ ಎಂಬ ಪುಟ್ಟ ತಂತ್ರಾಂಶವಿರುತ್ತದೆ. ‘ಇಂತಿಂಥ ಸಂಖ್ಯೆಯ ಸೆಕ್ಟರ್ ಓದಿಕೊಡು’ ಎಂದು ಸಿಸ್ಟಮ್ ಕೇಳುತ್ತದೆ, ಡ್ರೈವರ್ ಅದನ್ನು ಯಂತ್ರಕ್ಕೆ ತಲುಪಿಸಿ ಉತ್ತರ ತರುತ್ತದೆ. ವರ್ಚುವಲ್ ಡ್ರೈವ್ ಸಾಫ್ಟ್‌ವೇರ್ ಮಾಡುವುದು ಇಷ್ಟೇ: ಯಂತ್ರವಿಲ್ಲದೆ ಡ್ರೈವರ್ ಒಂದನ್ನೇ ಸ್ಥಾಪಿಸಿ, ಕೇಳಿದ ಸೆಕ್ಟರ್ ಅನ್ನು ಹಾರ್ಡ್ ಡಿಸ್ಕ್‌ನಲ್ಲಿರುವ ಒಂದು ದೊಡ್ಡ ಫೈಲ್‌ನಿಂದ ತೆಗೆದುಕೊಡುತ್ತದೆ. ಆ ದೊಡ್ಡ ಫೈಲ್‌ಗೆ ಡಿಸ್ಕ್ ಇಮೇಜ್ ಎನ್ನುತ್ತಾರೆ; ಅದನ್ನು ವರ್ಚುವಲ್ ಡ್ರೈವ್‌ಗೆ ಜೋಡಿಸುವುದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ; ಹೊರತೆಗೆಯುವುದು ಎಜೆಕ್ಟ್.

ಡಿಸ್ಕ್‌ನಲ್ಲಿರುವ ಫೈಲ್‌ಗಳನ್ನೆಲ್ಲ ಒಂದು ಫೋಲ್ಡರ್‌ಗೆ ಕಾಪಿ ಮಾಡಿಕೊಂಡರೆ ಸಾಲದೇ ಎಂಬ ಪ್ರಶ್ನೆ ಸಹಜ. ಆಟವನ್ನು ಇನ್‌ಸ್ಟಾಲ್ ಮಾಡಲು ಕೆಲವೊಮ್ಮೆ ಅಷ್ಟೇ ಸಾಕು, ಆಡಲು ಮಾತ್ರ ಬಹಳಷ್ಟು ಸಲ ಸಾಲದು. ವಿಂಡೋಸ್ ಪ್ರತಿ ಡ್ರೈವ್‌ಗೂ ಒಂದು ಬಗೆಯನ್ನು ಗುರುತಿಸಿಟ್ಟಿರುತ್ತದೆ: ಸ್ಥಿರ ಡ್ರೈವ್, ತೆಗೆದುಹಾಕಬಹುದಾದ ಡ್ರೈವ್, ನೆಟ್‌ವರ್ಕ್ ಡ್ರೈವ್, ಸಿಡಿ-ರಾಮ್ ಹೀಗೆ. ಹಳೆಯ ಆಟಗಳು ಶುರುವಾಗುವಾಗ ಸಿಡಿ-ರಾಮ್ ಬಗೆಯ ಡ್ರೈವ್‌ಗಳನ್ನು ಮಾತ್ರ ಹುಡುಕಿ, ಅವುಗಳಲ್ಲಿ ತಮ್ಮ ಡಿಸ್ಕ್ ಇದೆಯೇ ಎಂದು ನೋಡುತ್ತವೆ. ಫೋಲ್ಡರ್ ಆಗಲಿ, ಪೆನ್ ಡ್ರೈವ್ ಆಗಲಿ ಆ ಹುಡುಕಾಟಕ್ಕೆ ಸಿಗುವುದೇ ಇಲ್ಲ.

ಇಮೇಜ್ ಫೈಲ್‌ಗಳಲ್ಲಿ ಏಕೆ ಇಷ್ಟೊಂದು ಬಗೆ?

ಎಲ್ಲ ಇಮೇಜ್‌ಗಳೂ ಒಂದೇ ಎಂದುಕೊಳ್ಳುವುದರಿಂದಲೇ ಅರ್ಧದಷ್ಟು ಗೊಂದಲ ಹುಟ್ಟುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಸಾಗುವುದು ಒಳ್ಳೆಯದು.

ಸಿಡಿಯ ಮೇಲಿನ ದತ್ತಾಂಶ ಸೆಕ್ಟರ್ ಎಂಬ ಸಮಾನ ತುಂಡುಗಳಲ್ಲಿ ಬರೆಯಲ್ಪಟ್ಟಿರುತ್ತದೆ. ಒಂದು ಸೆಕ್ಟರ್‌ನ ಪೂರ್ಣ ಗಾತ್ರ 2352 ಬೈಟ್. ಸಾಮಾನ್ಯ ದತ್ತಾಂಶದ ಸಿಡಿಯಲ್ಲಿ ಅದರ ಪೈಕಿ ಬಳಕೆದಾರರ ಫೈಲ್‌ಗೆ ಸೇರಿದ್ದು 2048 ಬೈಟ್ ಮಾತ್ರ. ಉಳಿದ 304 ಬೈಟ್‌ಗಳಲ್ಲಿ ಸೆಕ್ಟರ್‌ನ ಆರಂಭವನ್ನು ಗುರುತಿಸುವ ಸಂಕೇತ, ಅದರ ವಿಳಾಸ, ಗೀರು ಬಿದ್ದಾಗ ತಪ್ಪು ಕಂಡುಹಿಡಿದು ತಿದ್ದಲು ಬೇಕಾದ ಹೆಚ್ಚುವರಿ ಮಾಹಿತಿ ಇರುತ್ತವೆ. ಇದಲ್ಲದೆ ಪ್ರತಿ ಸೆಕ್ಟರ್‌ನ ಜೊತೆಗೆ ಸಬ್‌ಚಾನೆಲ್ ಎಂಬ 96 ಬೈಟ್‌ಗಳ ಇನ್ನೊಂದು ಪದರವೂ ಇದೆ. ಡ್ರೈವ್‌ನ ಮೂಲ ವೇಗದಲ್ಲಿ ಸೆಕೆಂಡಿಗೆ 75 ಸೆಕ್ಟರ್ ಓದಲಾಗುತ್ತದೆ. ಹಳೆಯ ಡ್ರೈವ್‌ಗಳ ಮುಖದ ಮೇಲೆ ಬರೆದಿರುತ್ತಿದ್ದ 52ಎಕ್ಸ್ ಎಂಬ ಸಂಖ್ಯೆ ಈ ಮೂಲ ವೇಗದ 52 ಪಟ್ಟು ಎಂದು ಹೇಳುತ್ತಿತ್ತು.

ಐಎಸ್‌ಒ ಫೈಲ್ ಸಾಮಾನ್ಯವಾಗಿ ಆ 2048 ಬೈಟ್‌ಗಳನ್ನು ಮಾತ್ರ ಸಾಲಾಗಿ ಜೋಡಿಸಿಡುತ್ತದೆ. ಸಿಡಿಗಳ ಫೈಲ್ ವ್ಯವಸ್ಥೆಯನ್ನು ನಿಗದಿಪಡಿಸಿದ 1988ರ ಐಎಸ್‌ಒ 9660 ಮಾನಕದಿಂದ ಅದಕ್ಕೆ ಆ ಹೆಸರು. ಬಿನ್ ಫೈಲ್ ಹಾಗಲ್ಲ, ಅದರಲ್ಲಿ ಸಾಮಾನ್ಯವಾಗಿ 2352 ಬೈಟ್‌ಗಳೂ ಇರುತ್ತವೆ. ಹೋಲಿಸಿ ಹೇಳುವುದಾದರೆ, ಐಎಸ್‌ಒ ಎಂಬುದು ಒಂದು ದಾಖಲೆಪತ್ರದ ಪಠ್ಯವನ್ನಷ್ಟೇ ಟೈಪ್ ಮಾಡಿಟ್ಟುಕೊಂಡಂತೆ. ಬಿನ್ ಎಂಬುದು ಅದರ ಅಂಚು, ಮೊಹರು, ಪುಟಸಂಖ್ಯೆ ಎಲ್ಲವೂ ಬರುವ ಹಾಗೆ ಜೆರಾಕ್ಸ್ ತೆಗೆದಂತೆ. ಓದಿ ತಿಳಿಯುವುದಷ್ಟೇ ಉದ್ದೇಶವಾದರೆ ಟೈಪ್ ಮಾಡಿದ್ದು ಸಾಕು. ಮೊಹರನ್ನು ಪರೀಕ್ಷಿಸುವವರ ಮುಂದೆ ಇಟ್ಟಾಗ ಜೆರಾಕ್ಸ್ ಬೇಕಾಗುತ್ತದೆ, ನೀರಗುರುತನ್ನು ಬೆಳಕಿಗೆ ಹಿಡಿದು ನೋಡುವವರ ಮುಂದೆ ಅದೂ ಸಾಲದು.

ಲೆಕ್ಕ ಹಾಕಿದರೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. 74 ನಿಮಿಷದ ಸಿಡಿಯಲ್ಲಿ 3,33,000 ಸೆಕ್ಟರ್‌ಗಳಿರುತ್ತವೆ. ಅದರ ಐಎಸ್‌ಒ ಗಾತ್ರ 68,19,84,000 ಬೈಟ್, ಅಂದರೆ ಎಲ್ಲರಿಗೂ ಗೊತ್ತಿರುವ 650 ಎಂಬಿ. ಅದೇ ಡಿಸ್ಕ್‌ನ ಬಿನ್ ಗಾತ್ರ 78,32,16,000 ಬೈಟ್, ಸುಮಾರು 747 ಎಂಬಿ. ಇಮೇಜ್ ಫೈಲ್ ಡಿಸ್ಕ್‌ಗಿಂತ ದೊಡ್ಡದಾಗಿದೆ ಎಂದು ಗಾಬರಿಯಾಗಬೇಕಾಗಿಲ್ಲ. ಇದೇ ಲೆಕ್ಕದಿಂದ ಒಂದು ಉಪಯುಕ್ತ ಪರೀಕ್ಷೆಯೂ ಸಿಗುತ್ತದೆ: ಫೈಲ್‌ನ ಪ್ರಾಪರ್ಟೀಸ್ ತೆರೆದು ಬೈಟ್‌ಗಳ ಸಂಖ್ಯೆಯನ್ನು 2048ರಿಂದ ಭಾಗಿಸಿ, ಶೇಷ ಉಳಿಯದಿದ್ದರೆ ಅದು ಐಎಸ್‌ಒ ಜೋಡಣೆಯದು; 2352ರಿಂದ ಶೇಷವಿಲ್ಲದೆ ಭಾಗವಾದರೆ, ಹೆಸರಿನ ಕೊನೆಯಲ್ಲಿ ಐಎಸ್‌ಒ ಎಂದು ಬರೆದಿದ್ದರೂ ಒಳಗಿರುವುದು ಬಹುತೇಕ ಬಿನ್ ಜೋಡಣೆ. ಎರಡರಿಂದಲೂ ಭಾಗವಾಗದಿದ್ದರೆ ಫೈಲ್ ಅರ್ಧಕ್ಕೆ ನಿಂತಿದೆಯೆಂಬ ಅನುಮಾನ ಪಡಬಹುದು.

ಬಿನ್ ಫೈಲ್‌ನ ಜೊತೆಗೆ ಕ್ಯೂ ಎಂಬ ಪುಟ್ಟ ಫೈಲ್ ಬರುತ್ತದೆ. ಅದು ಶುದ್ಧ ಪಠ್ಯ, ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದು. ಮೊದಲ ಸಾಲಿನಲ್ಲಿ ಬಿನ್ ಫೈಲ್‌ನ ಹೆಸರು ಉದ್ಧರಣ ಚಿಹ್ನೆಗಳ ನಡುವೆ ಇರುತ್ತದೆ. ಅದರ ಕೆಳಗೆ ‘ಟ್ರ್ಯಾಕ್ 01 ಮೋಡ್1/2352’ ಎಂಬಂಥ ಸಾಲು, ಆಮೇಲೆ ‘ಇಂಡೆಕ್ಸ್ 01 00:00:00’ ಎಂಬ ಸಾಲು, ಹಾಡುಗಳಿದ್ದರೆ ‘ಟ್ರ್ಯಾಕ್ 02 ಆಡಿಯೋ’ ಎಂದು ಮುಂದುವರಿಯುತ್ತದೆ. ಆ ಮೂರು ಜೋಡಿ ಸಂಖ್ಯೆಗಳು ನಿಮಿಷ, ಸೆಕೆಂಡ್ ಮತ್ತು ಸೆಕೆಂಡಿನ 75ನೇ ಒಂದು ಭಾಗವನ್ನು ಸೂಚಿಸುತ್ತವೆ. ಹೀಗೆ ದಾರಿ ತೋರಿಸುವುದು ಕ್ಯೂ ಆದ್ದರಿಂದ, ಮೌಂಟ್ ಮಾಡಬೇಕಾದದ್ದು ಕ್ಯೂ ಫೈಲನ್ನೇ ಹೊರತು ಬಿನ್ ಅನ್ನಲ್ಲ.

ಉಳಿದ ಜೋಡಿಗಳೂ ಇದೇ ತತ್ತ್ವದವು. ಕ್ಲೋನ್‌ಸಿಡಿ ಸಾಫ್ಟ್‌ವೇರ್‌ನದು ಸಿಸಿಡಿ, ಐಎಂಜಿ ಮತ್ತು ಸಬ್ ಎಂಬ ಮೂರು ಫೈಲ್‌ಗಳ ಗುಂಪು. ಸಬ್ ಫೈಲ್‌ನಲ್ಲಿ ಸಬ್‌ಚಾನೆಲ್ ಇರುತ್ತದೆ. ಆಲ್ಕೊಹಾಲ್ 120% ಎಂಬುದರದು ಎಂಡಿಎಸ್ ಮತ್ತು ಎಂಡಿಎಫ್. ನೀರೋದ್ದು ಎನ್‌ಆರ್‌ಜಿ, ಅದು ಒಂಟಿ ಫೈಲ್.

ಮೌಂಟ್ ಆಗುವುದೇ ಇಲ್ಲ ಎಂದಾಗ

ವಿಂಡೋಸ್ 8ರಿಂದ ಈಚೆಗೆ, ಅಂದರೆ 2012ರಿಂದ, ಐಎಸ್‌ಒ ಮೌಂಟ್ ಮಾಡಲು ಬೇರೆ ಸಾಫ್ಟ್‌ವೇರ್ ಬೇಕಾಗಿಲ್ಲ. ಫೈಲ್ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಹೊಸ ಡ್ರೈವ್ ಕಾಣಿಸಿಕೊಳ್ಳುತ್ತದೆ. ಆದರೆ ಡಿಸ್ಕ್ ಇಮೇಜ್‌ಗಳ ಪೈಕಿ ಈ ಸೌಲಭ್ಯ ದೊರೆಯುವುದು ಐಎಸ್‌ಒಗೆ ಮಾತ್ರ. ಬಿನ್, ಎಂಡಿಎಫ್, ಎನ್‌ಆರ್‌ಜಿ ಯಾವುದನ್ನೂ ವಿಂಡೋಸ್ ತಾನಾಗಿ ಮೌಂಟ್ ಮಾಡುವುದಿಲ್ಲ. ಅವುಗಳ ಹೆಸರಿನ ಕೊನೆಯನ್ನು ಐಎಸ್‌ಒ ಎಂದು ಬದಲಿಸುವುದರಿಂದ ಏನೂ ಆಗದು. ಅವುಗಳಿಗೆ ಮುಕ್ತ ತಂತ್ರಾಂಶವಾದ ವಿನ್‌ಸಿಡಿಎಮು, ಇಲ್ಲವೇ ಡೀಮನ್ ಟೂಲ್ಸ್‌ನಂಥ ಸಾಫ್ಟ್‌ವೇರ್ ಬೇಕು.

ಐಎಸ್‌ಒ ಮೇಲೆ ಕ್ಲಿಕ್ ಮಾಡಿದಾಗ ಡ್ರೈವ್ ಬರುವ ಬದಲು ಜಿಪ್ ಫೈಲ್ ಬಿಚ್ಚುವ 7-ಜಿಪ್ ಅಥವಾ ವಿನ್‌ರಾರ್ ತೆರೆದುಕೊಂಡರೆ ಅದು ದೋಷವೇ ಅಲ್ಲ, ಆ ಸಾಫ್ಟ್‌ವೇರ್ ಐಎಸ್‌ಒ ಫೈಲ್‌ಗಳ ಹೊಣೆಯನ್ನು ತನಗೆ ವಹಿಸಿಕೊಂಡಿದೆ ಅಷ್ಟೇ. ಬಲ ಕ್ಲಿಕ್ ಮಾಡಿ ‘ಓಪನ್ ವಿತ್’ ಪಟ್ಟಿಯಿಂದ ವಿಂಡೋಸ್ ಎಕ್ಸ್‌ಪ್ಲೋರರ್ ಆರಿಸಿದರೆ ಮೌಂಟ್ ಆಗುತ್ತದೆ, ಅದನ್ನೇ ಶಾಶ್ವತ ಆಯ್ಕೆಯಾಗಿಯೂ ಇಟ್ಟುಕೊಳ್ಳಬಹುದು.

ಫೈಲ್ ಎನ್‌ಟಿಎಫ್‌ಎಸ್ (ವಿಂಡೋಸ್ ಹಾರ್ಡ್ ಡಿಸ್ಕ್‌ಗಳ ಸಾಮಾನ್ಯ ಫೈಲ್ ವ್ಯವಸ್ಥೆ) ವಿಭಾಗದಲ್ಲಿರಬೇಕು, ಕಂಪ್ರೆಸ್ ಮಾಡಿದ ಫೋಲ್ಡರ್‌ನಲ್ಲಿ ಇರಬಾರದು ಎಂಬ ಸಂದೇಶ ಇನ್ನೊಂದು ಬಗೆಯದು. ಇದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ, ಏಕೆಂದರೆ ಫೈಲ್ ಎನ್‌ಟಿಎಫ್‌ಎಸ್‌ನಲ್ಲೇ ಇರುತ್ತದೆ, ಕಂಪ್ರೆಸ್ ಕೂಡ ಆಗಿರುವುದಿಲ್ಲ. ಕೆಲವು ಡೌನ್‌ಲೋಡ್ ಸಾಫ್ಟ್‌ವೇರ್‌ಗಳು ಫೈಲ್‌ಗೆ ಮುಂಚಿತವಾಗಿ ಜಾಗ ಕಾದಿರಿಸುವಾಗ ಅದನ್ನು ‘ಸ್ಪಾರ್ಸ್’ ಎಂದು ಗುರುತು ಮಾಡಿಬಿಡುತ್ತವೆ, ಅಂದರೆ ಖಾಲಿ ಭಾಗಗಳಿಗೆ ಡಿಸ್ಕ್‌ನಲ್ಲಿ ನಿಜವಾದ ಜಾಗ ಕೊಡದೆ ಬಿಟ್ಟ ಫೈಲ್ ಎಂದು. ಕೆಲಸ ಮುಗಿದ ಮೇಲೂ ಆ ಗುರುತು ಉಳಿದುಕೊಂಡರೆ ವಿಂಡೋಸ್ ಮೌಂಟ್ ಮಾಡಲು ಒಪ್ಪುವುದಿಲ್ಲ. ಅದೇ ಫೋಲ್ಡರ್‌ನಲ್ಲಿ ಫೈಲ್‌ನ ಇನ್ನೊಂದು ಪ್ರತಿ ಮಾಡಿಕೊಂಡು ಆ ಪ್ರತಿಯನ್ನು ಮೌಂಟ್ ಮಾಡಿದರೆ ಸಾಮಾನ್ಯವಾಗಿ ತೊಂದರೆ ತೀರುತ್ತದೆ, ಏಕೆಂದರೆ ಹೊಸ ಪ್ರತಿಗೆ ಆ ಗುರುತು ಬರುವುದಿಲ್ಲ.

ಕ್ಯೂ ಫೈಲ್ ತೆರೆಯದಿದ್ದರೆ ಮೊದಲು ನೋಡಬೇಕಾದದ್ದು ಅದರ ಮೊದಲ ಸಾಲನ್ನು. ಬಿನ್ ಫೈಲ್‌ನ ಹೆಸರನ್ನು ಯಾರಾದರೂ ಚಂದವಾಗಿರಲಿ ಎಂದು ಬದಲಿಸಿದ್ದರೆ ಕ್ಯೂ ಇನ್ನೂ ಹಳೆಯ ಹೆಸರನ್ನೇ ಹುಡುಕುತ್ತಿರುತ್ತದೆ. ನೋಟ್‌ಪ್ಯಾಡ್‌ನಲ್ಲಿ ಹೆಸರನ್ನು ಸರಿಪಡಿಸಿ ಉಳಿಸಿದರೆ ಸಾಕು. ಎಂಡಿಎಸ್ ಫೈಲ್‌ಗೂ ಇದೇ ಮಾತು, ಆದರೆ ಅದು ಪಠ್ಯವಲ್ಲದ ಕಾರಣ ಅದರ ಜೊತೆಗಾರನ ಮೂಲ ಹೆಸರನ್ನೇ ಮರಳಿ ಕೊಡುವುದು ಕ್ಷೇಮ.

ಇನ್ನು ಡಿವಿಡಿಯ ವಿಷಯ. ಒಂದು ಪದರದ ಡಿವಿಡಿಯ ಸಾಮರ್ಥ್ಯ 4.7 ಜಿಬಿ, ಎರಡು ಪದರದ್ದು 8.5 ಜಿಬಿ. ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿರುವ ಪೆನ್ ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲನ್ನು ಹಿಡಿಯಲಾರದು. ಹಾಗಾಗಿ ಕೆಲವು ಇಮೇಜ್‌ಗಳನ್ನು ತುಂಡು ಮಾಡಿ ಇಟ್ಟಿರುತ್ತಾರೆ, ಒಂದು ತುಂಡು ಕಾಣೆಯಾದರೂ ಇಡೀ ಇಮೇಜ್ ಕೆಲಸಕ್ಕೆ ಬಾರದು.

ಮೌಂಟ್ ಆಗಿ, ಇನ್‌ಸ್ಟಾಲ್ ಅರ್ಧದಲ್ಲಿ ‘ಡೇಟಾ ಎರರ್’ ಅಥವಾ ‘ಸಿಆರ್‌ಸಿ’ ಎಂದು ನಿಂತರೆ ವರ್ಚುವಲ್ ಡ್ರೈವ್ ಅನ್ನು ದೂರುವುದು ವ್ಯರ್ಥ. ಇಮೇಜ್ ತಯಾರಿಸುವಾಗಲೇ ಡಿಸ್ಕ್ ಸರಿಯಾಗಿ ಓದಿಸಿಕೊಂಡಿಲ್ಲ. ಡಿಸ್ಕ್ ಒರೆಸಿ, ಕಡಿಮೆ ವೇಗದಲ್ಲಿ, ಸಾಧ್ಯವಾದರೆ ಬೇರೊಂದು ಡ್ರೈವ್‌ನಲ್ಲಿ ಮತ್ತೆ ಓದಿಸಬೇಕು. ಹಳೆಯ ಆಟಗಳ ಡಿಸ್ಕ್‌ಗಳಿಂದ ಬರಬೇಕಾದ ಹ್ಯಾಶ್ ಮೌಲ್ಯಗಳನ್ನು, ಅಂದರೆ ಫೈಲ್‌ನ ಒಂದೊಂದು ಬೈಟ್‌ನ ಮೇಲೂ ಅವಲಂಬಿಸಿದ ಗುರುತಿನ ಸಂಖ್ಯೆಗಳನ್ನು, ರೀಡಂಪ್ ಎಂಬ ಸಂರಕ್ಷಣಾ ಯೋಜನೆ ದಾಖಲಿಸಿಡುತ್ತದೆ. ನಮ್ಮ ಇಮೇಜ್‌ನ ಸಂಖ್ಯೆ ಅದಕ್ಕೆ ಹೊಂದಿದರೆ ಫೈಲ್‌ನ ಮೇಲಿನ ಅನುಮಾನವನ್ನು ಪೂರ್ತಿ ಬಿಟ್ಟು ಮುಂದೆ ಹೋಗಬಹುದು.

ಡ್ರೈವ್ ಕಾಣುತ್ತದೆ, ಆಟಕ್ಕೆ ಮಾತ್ರ ಕಾಣದು

ಇದು ಅತಿ ಹೆಚ್ಚು ಎದುರಾಗುವ, ಅಷ್ಟೇ ಸುಲಭವಾಗಿ ಸರಿಹೋಗುವ ತೊಂದರೆ.

ಆಟ ಇನ್‌ಸ್ಟಾಲ್ ಆಗುವಾಗ ತಾನು ಯಾವ ಡ್ರೈವ್‌ನಿಂದ ಬಂದೆ ಎಂಬುದನ್ನು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಮತ್ತು ಸಾಫ್ಟ್‌ವೇರ್‌ಗಳ ಸೆಟ್ಟಿಂಗ್‌ಗಳನ್ನು ಇಡುವ ದಾಖಲೆ) ಅಥವಾ ತನ್ನದೇ ಒಂದು ಐಎನ್ಐ ಎಂಬ ಸೆಟ್ಟಿಂಗ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ ದಿನ ಇಮೇಜ್‌ಗೆ ಸಿಕ್ಕಿದ್ದ ಅಕ್ಷರ ಇ ಆಗಿತ್ತು ಎಂದುಕೊಳ್ಳಿ. ವಿಂಡೋಸ್‌ನ ಒಳಗಿನ ಮೌಂಟ್ ಸೌಲಭ್ಯ ಕಂಪ್ಯೂಟರ್ ಮರುಪ್ರಾರಂಭವಾದಾಗ ಇಮೇಜನ್ನು ಕಳಚಿಬಿಡುತ್ತದೆ. ಮತ್ತೆ ಮೌಂಟ್ ಮಾಡಿದಾಗ ಆ ಕ್ಷಣಕ್ಕೆ ಖಾಲಿ ಇರುವ ಅಕ್ಷರವನ್ನು ಕೊಡುತ್ತದೆ. ನಡುವೆ ಪೆನ್ ಡ್ರೈವ್ ಚುಚ್ಚಿದ್ದರೆ ಇ ಅದರ ಪಾಲಾಗಿ, ಇಮೇಜ್ ಎಫ್ ಆಗುತ್ತದೆ. ಆಟ ಇ ಡ್ರೈವ್‌ನಲ್ಲಿ ಹುಡುಕಿ, ಏನೂ ಸಿಗದೆ, ಡಿಸ್ಕ್ ಹಾಕಿ ಎನ್ನುತ್ತದೆ.

ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಕೆಳಭಾಗದಲ್ಲಿ ಸಿಡಿ-ರಾಮ್ ಎಂಬ ಸಾಲು ಕಾಣುತ್ತದೆ. ಅದರ ಮೇಲೆ ಬಲ ಕ್ಲಿಕ್ ಮಾಡಿ ಡ್ರೈವ್ ಅಕ್ಷರವನ್ನು ಮೊದಲಿನದಕ್ಕೇ ಬದಲಿಸಬಹುದು. ಮತ್ತೆ ಮತ್ತೆ ಹೀಗೆ ಮಾಡುವುದು ಬೇಸರವಾದರೆ, ಸ್ಥಿರವಾದ ಅಕ್ಷರವನ್ನು ಹಿಡಿದಿಟ್ಟುಕೊಳ್ಳುವ ವರ್ಚುವಲ್ ಕ್ಲೋನ್‌ಡ್ರೈವ್‌ನಂಥ ಸಾಫ್ಟ್‌ವೇರ್ ಬಳಸಿ, ಡ್ರೈವ್‌ಗೆ ವರ್ಣಮಾಲೆಯ ಕೊನೆಯ ಕಡೆಯ ಒಂದು ಅಕ್ಷರ ಕೊಟ್ಟು, ಆಮೇಲೆ ಆಟವನ್ನು ಇನ್‌ಸ್ಟಾಲ್ ಮಾಡುವುದು ಉತ್ತಮ. ಪೆನ್ ಡ್ರೈವ್‌ಗಳು ಅಲ್ಲಿಯವರೆಗೆ ಬರುವುದಿಲ್ಲ. ರಿಜಿಸ್ಟ್ರಿಯಲ್ಲೇ ದಾರಿಯನ್ನು ತಿದ್ದುವ ಧೈರ್ಯವಿರುವವರಿಗೆ ಒಂದು ಸೂಚನೆ: 64 ಬಿಟ್ ವಿಂಡೋಸ್‌ನಲ್ಲಿ ಹಳೆಯ 32 ಬಿಟ್ ಆಟಗಳ ವಿವರಗಳು ಸಾಫ್ಟ್‌ವೇರ್ ಶಾಖೆಯ ಕೆಳಗೆ ವಾವ್6432ನೋಡ್ ಎಂಬ ಪ್ರತ್ಯೇಕ ಉಪಶಾಖೆಯಲ್ಲಿ ಇರುತ್ತವೆ, ಮೇಲಿನ ಶಾಖೆಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕೆಲವು ಆಟಗಳು ಇನ್ನೂ ಸೋಮಾರಿ. ಅವು ಕಂಪ್ಯೂಟರ್‌ನಲ್ಲಿ ಕಾಣುವ ಮೊದಲ ಸಿಡಿ ಡ್ರೈವ್ ಒಂದನ್ನೇ ನೋಡಿ ಸುಮ್ಮನಾಗುತ್ತವೆ. ನಿಜವಾದ ಡ್ರೈವ್ ಡಿ, ವರ್ಚುವಲ್ ಡ್ರೈವ್ ಇ ಆಗಿದ್ದರೆ ಆಟ ಖಾಲಿಯಾದ ಡಿ ನೋಡಿ ವಾಪಸಾಗುತ್ತದೆ. ಇಲ್ಲಿ ಎರಡರ ಅಕ್ಷರಗಳನ್ನು ಅದಲು ಬದಲು ಮಾಡಬೇಕು.

ಎರಡು ಮೂರು ಡಿಸ್ಕ್‌ಗಳಲ್ಲಿ ಬಂದ ಆಟಗಳಿಗೂ ಇದೇ ಸೂತ್ರ. ಇನ್‌ಸ್ಟಾಲರ್ ಎರಡನೇ ಡಿಸ್ಕ್ ಕೇಳಿದಾಗ ವಿಂಡೋಸ್‌ನಲ್ಲಿ ಅದನ್ನು ನೇರವಾಗಿ ಮೌಂಟ್ ಮಾಡಿದರೆ ಅದು ಹೊಸ ಅಕ್ಷರದೊಂದಿಗೆ ಪಕ್ಕದಲ್ಲಿ ಬಂದು ಕೂರುತ್ತದೆ, ಇನ್‌ಸ್ಟಾಲರ್ ಮೊದಲ ಡ್ರೈವ್‌ನಲ್ಲೇ ಕಾಯುತ್ತಿರುತ್ತದೆ. ಮೊದಲನೆಯದನ್ನು ಎಜೆಕ್ಟ್ ಮಾಡಿ, ಆಮೇಲೆ ಎರಡನೆಯದನ್ನು ಅದೇ ಅಕ್ಷರಕ್ಕೆ ಬರುವಂತೆ ಮೌಂಟ್ ಮಾಡಬೇಕು. ನಿಜವಾದ ಡಿಸ್ಕ್ ಬದಲಿಸುವಾಗ ನಡೆಯುತ್ತಿದ್ದದ್ದೂ ಇದೇ ಅಲ್ಲವೇ?

ಡಿಸ್ಕ್‌ನ ಹೆಸರು, ಅಂದರೆ ವಾಲ್ಯೂಮ್ ಲೇಬಲ್, ಕೂಡ ಕೆಲವೊಮ್ಮೆ ಪರೀಕ್ಷೆಗೆ ಒಳಪಡುತ್ತದೆ. ಫೋಲ್ಡರ್ ಒಂದರಿಂದ ಯಾರೋ ಹೊಸದಾಗಿ ಕಟ್ಟಿದ ಐಎಸ್‌ಒನಲ್ಲಿ ಫೈಲ್‌ಗಳೆಲ್ಲ ಸರಿಯಿದ್ದರೂ ಲೇಬಲ್ ಬೇರೆಯಾಗಿರುತ್ತದೆ, ಆಟ ಅದನ್ನು ತನ್ನ ಡಿಸ್ಕ್ ಎಂದು ಒಪ್ಪುವುದಿಲ್ಲ. ಮೂಲ ಡಿಸ್ಕ್‌ನಿಂದ ನೇರವಾಗಿ ತೆಗೆದ ಇಮೇಜ್‌ನಲ್ಲಿ ಈ ತೊಂದರೆ ಬರದು.

ಲಿನಕ್ಸ್‌ನಲ್ಲಿ, ವಿಂಡೋಸ್ ಪ್ರೋಗ್ರಾಂಗಳನ್ನು ನಡೆಸುವ ವೈನ್ ಎಂಬ ಸಾಫ್ಟ್‌ವೇರ್ ಮೂಲಕ ಆಡುವವರು ಒಂದು ಹೆಜ್ಜೆ ಹೆಚ್ಚಿಗೆ ಇಡಬೇಕು. ಇಮೇಜ್ ಮೌಂಟ್ ಆದ ಫೋಲ್ಡರನ್ನು ವೈನ್‌ನ ಡ್ರೈವ್‌ಗಳ ಪಟ್ಟಿಗೆ ಸೇರಿಸಿ, ಅದರ ಬಗೆಯನ್ನು ಸಿಡಿ-ರಾಮ್ ಎಂದು ಆರಿಸದಿದ್ದರೆ ಆಟಕ್ಕೆ ಅದು ಸಾಮಾನ್ಯ ಹಾರ್ಡ್ ಡಿಸ್ಕ್ ಆಗಿಯೇ ಕಾಣುತ್ತದೆ. ಬಿನ್ ಮತ್ತು ಕ್ಯೂ ಜೋಡಿಗಳಿಗೆ ಅಲ್ಲಿ ಸಿಡಿಎಮು ಎಂಬ ಸಾಫ್ಟ್‌ವೇರ್ ಇದೆ.

ಆಟ ನಡೆಯುತ್ತದೆ, ಸಂಗೀತವಿಲ್ಲ

1990ರ ದಶಕದ ಅನೇಕ ಆಟಗಳಲ್ಲಿ ಹಿನ್ನೆಲೆ ಸಂಗೀತ ಫೈಲ್ ಆಗಿರಲಿಲ್ಲ. ಸಾಮಾನ್ಯ ಆಡಿಯೋ ಸಿಡಿಯ ಹಾಡುಗಳಂತೆ ಪ್ರತ್ಯೇಕ ಟ್ರ್ಯಾಕ್‌ಗಳಾಗಿತ್ತು. 1996ರ ಕ್ವೇಕ್ ಇದಕ್ಕೆ ಹೆಸರಾಂತ ಉದಾಹರಣೆ: ಮೊದಲ ಟ್ರ್ಯಾಕ್ ಆಟದ ದತ್ತಾಂಶ, ಉಳಿದವೆಲ್ಲ ಸಂಗೀತ. ಅಂಥ ಡಿಸ್ಕ್‌ನಿಂದ ಐಎಸ್‌ಒ ತೆಗೆದರೆ ಮೊದಲ ಟ್ರ್ಯಾಕ್ ಮಾತ್ರ ಬರುತ್ತದೆ, ಆಡಿಯೋ ಟ್ರ್ಯಾಕ್‌ಗಳಿಗೆ ಐಎಸ್‌ಒನಲ್ಲಿ ಜಾಗವೇ ಇಲ್ಲ. ಮೌಂಟ್ ಮಾಡುವ ಸಾಫ್ಟ್‌ವೇರ್ ಯಾವುದೇ ಇರಲಿ, ಇಮೇಜ್‌ನಲ್ಲಿ ಇಲ್ಲದ್ದನ್ನು ಅದು ನುಡಿಸಲಾರದು. ಬಿನ್ ಮತ್ತು ಕ್ಯೂ ರೂಪದಲ್ಲಿ ಡಿಸ್ಕ್ ಅನ್ನು ಮತ್ತೆ ಇಳಿಸಿಕೊಂಡು, ಆಡಿಯೋ ಟ್ರ್ಯಾಕ್‌ಗಳನ್ನು ಒದಗಿಸಬಲ್ಲ ವರ್ಚುವಲ್ ಡ್ರೈವ್‌ನಲ್ಲಿ ಮೌಂಟ್ ಮಾಡಬೇಕು. ಕ್ವೇಕ್‌ನಂಥ ಆಟಗಳಿಗೆ ಅಭಿಮಾನಿಗಳು ರೂಪಿಸಿರುವ ಹೊಸ ಎಂಜಿನ್‌ಗಳು ಸಂಗೀತವನ್ನು ಫೋಲ್ಡರ್‌ನಲ್ಲಿಟ್ಟ ಫೈಲ್‌ಗಳಿಂದಲೇ ಓದುವುದರಿಂದ ಅಲ್ಲಿ ಡ್ರೈವ್‌ನ ಗೊಡವೆಯೇ ಬೇಡ.

ನಕಲು ತಡೆ ಎಂಬ ನೀರಗುರುತು

ಇಲ್ಲಿಯವರೆಗಿನ ತೊಂದರೆಗಳಿಗೆ ಮದ್ದಿದೆ. ಇನ್ನು ಬರುವುದು ಎಲ್ಲ ಸಲವೂ ಪರಿಹಾರವಾಗದ್ದು.

1990ರ ದಶಕದ ಕೊನೆಯಿಂದ ಪ್ರಕಾಶಕರು ಸೇಫ್‌ಡಿಸ್ಕ್, ಸೆಕ್ಯುರಾಮ್, ಸ್ಟಾರ್‌ಫೋರ್ಸ್ ಮುಂತಾದ ನಕಲು ತಡೆ ವ್ಯವಸ್ಥೆಗಳನ್ನು ಡಿಸ್ಕ್‌ಗಳಲ್ಲಿ ಅಳವಡಿಸತೊಡಗಿದರು. ಇವುಗಳ ಮೂಲ ಉಪಾಯ ಒಂದೇ: ಸಾಮಾನ್ಯ ರೀತಿಯಲ್ಲಿ ನಕಲು ಮಾಡಿದಾಗ ಜೊತೆಗೆ ಬರದ ಯಾವುದೋ ಒಂದು ಗುಣವನ್ನು ಮೂಲ ಡಿಸ್ಕ್‌ನಲ್ಲಿ ಇಟ್ಟು, ಆಟ ಶುರುವಾಗುವಾಗ ಅದನ್ನು ಪರೀಕ್ಷಿಸುವುದು. ಸೇಫ್‌ಡಿಸ್ಕ್ ಬೇಕೆಂದೇ ಓದಲಾಗದ ಸೆಕ್ಟರ್‌ಗಳನ್ನು ಬರೆಯಿಸುತ್ತಿತ್ತು. ಸೆಕ್ಯುರಾಮ್‌ನ ಕೆಲವು ಆವೃತ್ತಿಗಳು ಸಬ್‌ಚಾನೆಲ್‌ನಲ್ಲಿ ಗುರುತು ಬಿಡುತ್ತಿದ್ದವು. ಮುಂದಿನವು ಡಿಸ್ಕ್ ತಿರುಗುವಾಗ ಒಂದು ಸೆಕ್ಟರ್‌ನಿಂದ ಇನ್ನೊಂದಕ್ಕೆ ತಲುಪಲು ಹಿಡಿಯುವ ಸಮಯವನ್ನೇ ಅಳೆಯುತ್ತಿದ್ದವು. ಈ ಸಮಯದ ಅಳತೆ 2352 ಬೈಟ್‌ಗಳ ಜೆರಾಕ್ಸ್‌ನಲ್ಲೂ ಬರುವುದಿಲ್ಲ. ಎಂಡಿಎಸ್ ಫೈಲ್‌ನಲ್ಲಿ ಅದನ್ನು ಪ್ರತ್ಯೇಕವಾಗಿ ದಾಖಲಿಸಿಡಲು ಅವಕಾಶವಿದೆ. ಅಂಥ ಆಟದ ಎಂಡಿಎಸ್ ಕಳೆದುಹೋಗಿ ಎಂಡಿಎಫ್ ಮಾತ್ರ ಉಳಿದಿದ್ದರೆ ಫೈಲ್‌ಗಳು ತೆರೆದುಕೊಂಡರೂ ಆಟ ತೆರೆಯದಿರುವುದು ಈ ಕಾರಣಕ್ಕೆ. ಇದಲ್ಲದೆ ಕೆಲವು ವ್ಯವಸ್ಥೆಗಳು ವರ್ಚುವಲ್ ಡ್ರೈವ್ ಸಾಫ್ಟ್‌ವೇರ್‌ಗಳನ್ನು ಗುರುತಿಸಿ, ‘ಡಿಸ್ಕ್ ಎಮ್ಯುಲೇಟರ್ ಪತ್ತೆಯಾಗಿದೆ’ ಎಂದು ನೇರವಾಗಿಯೇ ಹೇಳಿ ನಿಂತುಬಿಡುತ್ತವೆ.

ಆದರೆ ಈಗಿನ ಕಂಪ್ಯೂಟರ್‌ಗಳಲ್ಲಿ ಅದಕ್ಕಿಂತ ದೊಡ್ಡ ಅಡ್ಡಿ ಬೇರೊಂದಿದೆ. ಸೇಫ್‌ಡಿಸ್ಕ್ ಕೆಲಸ ಮಾಡಲು ಸೆಕ್‌ಡ್ರವ್ ಎಂಬ ಡ್ರೈವರ್ ವಿಂಡೋಸ್‌ನ ಒಳಗೇ ಇರುತ್ತಿತ್ತು. ಭದ್ರತಾ ಕಾರಣಗಳಿಂದ ಮೈಕ್ರೋಸಾಫ್ಟ್ 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಅದನ್ನು ಕೈಬಿಟ್ಟಿತು, ಅದೇ ವರ್ಷದ ಸೆಪ್ಟೆಂಬರ್‌ನ ಅಪ್‌ಡೇಟ್ ಮೂಲಕ ವಿಸ್ಟಾ, 7, 8 ಮತ್ತು 8.1ರಲ್ಲೂ ನಿಷ್ಕ್ರಿಯಗೊಳಿಸಿತು. ಪರಿಣಾಮವಾಗಿ, ಸೇಫ್‌ಡಿಸ್ಕ್ ಇರುವ ಆಟವೊಂದರ ಅಸಲಿ ಡಿಸ್ಕ್ ಅನ್ನು ಅಸಲಿ ಡ್ರೈವ್‌ಗೆ ಹಾಕಿದರೂ ವಿಂಡೋಸ್ 10 ಅಥವಾ 11ರಲ್ಲಿ ಆಟ ತೆರೆಯುವುದಿಲ್ಲ. ಪರೀಕ್ಷೆ ನಡೆಸಬೇಕಾದ ಡ್ರೈವರೇ ಇಲ್ಲದಿರುವಾಗ ಡಿಸ್ಕ್ ಎಷ್ಟು ಸಾಚಾ ಆಗಿದ್ದರೇನು! ಸೆಕ್ಯುರಾಮ್‌ನ ಹಳೆಯ ಆವೃತ್ತಿಗಳಿರುವ ಹಲವು ಆಟಗಳೂ ಇದೇ ಸ್ಥಿತಿಯಲ್ಲಿವೆ.

ಹಾಗಾಗಿ ವರ್ಚುವಲ್ ಡ್ರೈವ್ ಬದಲಿಸುತ್ತಾ ಕೂರುವ ಮೊದಲು ಆ ಆಟದಲ್ಲಿ ಯಾವ ನಕಲು ತಡೆ ಇದೆ ಎಂದು ತಿಳಿದುಕೊಳ್ಳುವುದು ಸಮಯ ಉಳಿಸುತ್ತದೆ. ಕೆಲವು ಪ್ರಕಾಶಕರು ತಮ್ಮ ಕೊನೆಯ ಪ್ಯಾಚ್‌ಗಳಲ್ಲಿ, ಅಂದರೆ ಆಟವನ್ನು ತಿದ್ದುವ ಅಪ್‌ಡೇಟ್‌ಗಳಲ್ಲಿ, ಡಿಸ್ಕ್ ಪರೀಕ್ಷೆಯನ್ನೇ ತೆಗೆದುಹಾಕಿದ್ದಾರೆ. ಅಧಿಕೃತ ಪ್ಯಾಚ್ ಹಾಕಿದರೆ ಸಾಕು. 2008ರಲ್ಲಿ ಆರಂಭವಾದ ಜಿಒಜಿಯಂಥ ಮಳಿಗೆಗಳಲ್ಲಿ ಅನೇಕ ಹಳೆಯ ಆಟಗಳು ನಕಲು ತಡೆಯಿಲ್ಲದೆ, ಹೊಸ ವಿಂಡೋಸ್‌ಗೆ ಹೊಂದುವಂತೆ ಸಿಗುತ್ತವೆ. ಅಪರಿಚಿತ ಕಡೆಗಳಿಂದ ‘ಡಿಸ್ಕ್ ಬೇಡದ’ ಪ್ರೋಗ್ರಾಂ ಫೈಲ್ ಇಳಿಸಿಕೊಳ್ಳುವುದು ಮಾಲ್‌ವೇರ್‌ಗೆ ಬಾಗಿಲು ತೆರೆದಿಟ್ಟಂತೆ. ಸ್ವಂತ ಡಿಸ್ಕ್‌ನ ಪ್ರತಿ ಮಾಡಿಕೊಳ್ಳುವುದು, ನಕಲು ತಡೆಯನ್ನು ದಾಟುವುದು, ಇವೆರಡನ್ನೂ ಬೇರೆ ಬೇರೆ ದೇಶಗಳ ಕಾನೂನು ಬೇರೆ ಬೇರೆಯಾಗಿ ನೋಡುತ್ತದೆ ಎಂಬುದೂ ನೆನಪಿರಲಿ.

ವರ್ಚುವಲ್ ಡ್ರೈವ್ ಸಾಫ್ಟ್‌ವೇರ್‌ನದೇ ತಪ್ಪಾದಾಗ

ವರ್ಚುವಲ್ ಡ್ರೈವ್‌ನ ಡ್ರೈವರ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿ ಕೆಲಸ ಮಾಡುತ್ತದೆ, ಅದು ಎಡವಿದರೆ ಇಡೀ ವಿಂಡೋಸ್ ನೀಲಿ ಪರದೆ ತೋರಿಸಿ ಬೀಳಬಹುದು. ಆದ್ದರಿಂದಲೇ 64 ಬಿಟ್ ವಿಂಡೋಸ್ ವಿಸ್ಟಾದಿಂದ ಈಚೆಗೆ ಡಿಜಿಟಲ್ ಸಹಿ ಇಲ್ಲದ ಕರ್ನಲ್ ಡ್ರೈವರ್‌ಗಳಿಗೆ ಪ್ರವೇಶವಿಲ್ಲ, ನಂತರದ ಆವೃತ್ತಿಗಳಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಹದಿನೈದು ವರ್ಷ ಹಳೆಯ ಸಿಡಿಯಲ್ಲಿ ಸಿಕ್ಕ ಡೀಮನ್ ಟೂಲ್ಸ್ ಅಥವಾ ಆಲ್ಕೊಹಾಲ್ ಆವೃತ್ತಿಯನ್ನು ಇಂದಿನ ವಿಂಡೋಸ್‌ಗೆ ಹಾಕಲು ಹೋಗುವುದು ಬೇಡ. ವಿಂಡೋಸ್ ಸೆಕ್ಯುರಿಟಿಯ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆಯೂ ಹೊಂದಾಣಿಕೆಯಿಲ್ಲದ ಡ್ರೈವರ್‌ಗಳನ್ನು ತಡೆಯುತ್ತದೆ. ಒಂದು ಆಟಕ್ಕಾಗಿ ಅದನ್ನು ನಿಷ್ಕ್ರಿಯಗೊಳಿಸುವ ಬದಲು ಸಾಫ್ಟ್‌ವೇರ್‌ನ ಹೊಸ ಆವೃತ್ತಿಯನ್ನು ಹಾಕಿಕೊಳ್ಳುವುದು ಮೇಲು.

ಒಂದೇ ಕಂಪ್ಯೂಟರ್‌ನಲ್ಲಿ ಎರಡು ಮೂರು ವರ್ಚುವಲ್ ಡ್ರೈವ್ ಸಾಫ್ಟ್‌ವೇರ್‌ಗಳಿದ್ದರೆ ಅವು ಪರಸ್ಪರ ತಿಕ್ಕಾಡುವುದೂ ಉಂಟು. ತೆಗೆದುಹಾಕಿದ ಮೇಲೂ ಉಳಿದುಕೊಳ್ಳುವ ಭಾಗಗಳಿವೆ. ಡೀಮನ್ ಟೂಲ್ಸ್ ಮತ್ತು ಆಲ್ಕೊಹಾಲ್‌ನ ಹಳೆಯ ಆವೃತ್ತಿಗಳು ಬಳಸುತ್ತಿದ್ದ ಎಸ್‌ಪಿಟಿಡಿ ಎಂಬ ಡ್ರೈವರ್ ಮುಖ್ಯ ಸಾಫ್ಟ್‌ವೇರ್ ಹೋದರೂ ಹೋಗುತ್ತಿರಲಿಲ್ಲ, ಅದನ್ನು ಅದರ ಸ್ವಂತ ಇನ್‌ಸ್ಟಾಲರ್ ಮೂಲಕವೇ ತೆಗೆಯಬೇಕಿತ್ತು.

ಎಲ್ಲಕ್ಕಿಂತ ವಿಚಿತ್ರವಾದದ್ದು, ಸಾಫ್ಟ್‌ವೇರ್ ತೆಗೆದ ಮೇಲೆ ನಿಜವಾದ ಡಿವಿಡಿ ಡ್ರೈವೇ ಮಾಯವಾಗುವುದು. ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್‌ನ ಪಕ್ಕ ಹಳದಿ ಚಿಹ್ನೆ, ಒಳಗೆ ಕೋಡ್ 19 ಅಥವಾ ಕೋಡ್ 39. ಡಿಸ್ಕ್ ಡ್ರೈವ್‌ಗಳ ಮೇಲೆ ಯಾವ ಹೆಚ್ಚುವರಿ ಡ್ರೈವರ್‌ಗಳು ಕೂರಬೇಕು ಎಂಬ ಪಟ್ಟಿ ರಿಜಿಸ್ಟ್ರಿಯಲ್ಲಿ ಅಪ್ಪರ್‌ಫಿಲ್ಟರ್ಸ್ ಮತ್ತು ಲೋವರ್‌ಫಿಲ್ಟರ್ಸ್ ಎಂಬ ಎರಡು ನಮೂದುಗಳಲ್ಲಿ ಇರುತ್ತದೆ. ಡ್ರೈವರ್ ಫೈಲ್ ಅಳಿಸಿಹೋಗಿ ಪಟ್ಟಿಯಲ್ಲಿ ಹೆಸರು ಉಳಿದರೆ ವಿಂಡೋಸ್ ಅದನ್ನು ಹುಡುಕಿ ಸೋತು ಡ್ರೈವ್ ಅನ್ನೇ ನಿಲ್ಲಿಸಿಬಿಡುತ್ತದೆ. ರಿಜಿಸ್ಟ್ರಿಯ ಪ್ರತಿ ತೆಗೆದಿಟ್ಟುಕೊಂಡು, ಡಿವಿಡಿ ಮತ್ತು ಸಿಡಿ-ರಾಮ್ ಡ್ರೈವ್‌ಗಳ ವರ್ಗದಡಿಯಲ್ಲಿ ಇರುವ ಆ ಎರಡು ನಮೂದುಗಳನ್ನು ಅಳಿಸಿ, ಕಂಪ್ಯೂಟರ್ ಮರುಪ್ರಾರಂಭಿಸಿದರೆ ಡ್ರೈವ್ ಮರಳುತ್ತದೆ. ಬೇರೆ ವರ್ಗಗಳಲ್ಲೂ ಇದೇ ಹೆಸರಿನ ನಮೂದುಗಳಿರುತ್ತವೆ, ಅವುಗಳನ್ನು ಮುಟ್ಟಬಾರದು. ಸಿಡಿ ಬರೆಯುವ ಸಾಫ್ಟ್‌ವೇರ್ ಇದ್ದರೆ ಅದನ್ನು ಮತ್ತೊಮ್ಮೆ ಇನ್‌ಸ್ಟಾಲ್ ಮಾಡಬೇಕಾಗಬಹುದು.

ಡಿಸ್ಕ್‌ಗೆ ಸಂಬಂಧವೇ ಇಲ್ಲದ ತೊಂದರೆ

ಇಮೇಜ್ ಮೌಂಟ್ ಆಗಿದೆ, ಫೈಲ್‌ಗಳು ಕಾಣುತ್ತಿವೆ, ಸೆಟಪ್ ಮೇಲೆ ಕ್ಲಿಕ್ ಮಾಡಿದರೆ ‘ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ’ ಎಂದು ಬರುತ್ತದೆ. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ನಡೆಸುವುದಿಲ್ಲ, ವಿಂಡೋಸ್ 11 ಬರುವುದೇ 64 ಬಿಟ್ ರೂಪದಲ್ಲಿ. 1990ರ ದಶಕದ ನಡುಭಾಗದ ಹಲವು ಆಟಗಳು ಸ್ವತಃ 32 ಬಿಟ್ ಆಗಿದ್ದರೂ ಅವುಗಳ ಇನ್‌ಸ್ಟಾಲರ್ ಮಾತ್ರ 16 ಬಿಟ್ ಆಗಿರುತ್ತಿತ್ತು. ಅಂಥವುಗಳಿಗೆ ಅಭಿಮಾನಿಗಳು ತಯಾರಿಸಿದ ಬದಲಿ ಇನ್‌ಸ್ಟಾಲರ್‌ಗಳು ಕೆಲವೊಮ್ಮೆ ಸಿಗುತ್ತವೆ. ಇಲ್ಲದಿದ್ದರೆ ಕಂಪ್ಯೂಟರ್‌ನೊಳಗೆ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸುವ ವರ್ಚುವಲ್‌ಬಾಕ್ಸ್‌ನಂಥ ಸಾಫ್ಟ್‌ವೇರ್‌ನೊಳಗೆ ಹಳೆಯ 32 ಬಿಟ್ ವಿಂಡೋಸ್ ಹಾಕಿ, ಅದರ ಡ್ರೈವ್‌ಗೆ ಐಎಸ್‌ಒ ಜೋಡಿಸಬೇಕು.

ವಿಂಡೋಸ್‌ಗಿಂತ ಹಿಂದಿನ ಡಾಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಾಲದ ಆಟಗಳಿಗಾದರೆ ವಿಂಡೋಸ್‌ನ ವರ್ಚುವಲ್ ಡ್ರೈವ್ ಬೇಕೇ ಇಲ್ಲ. ಅವುಗಳನ್ನು ನಡೆಸುವ ಡಾಸ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ತನ್ನೊಳಗೇ ಒಂದು ಸಿಡಿ ಡ್ರೈವ್ ಇಟ್ಟುಕೊಂಡಿದೆ. ಅದರ ಇಮ್ಗ್‌ಮೌಂಟ್ ಆದೇಶಕ್ಕೆ ಕ್ಯೂ ಫೈಲ್‌ನ ದಾರಿ ಕೊಟ್ಟರೆ ಆಟದ ದತ್ತಾಂಶ, ಆಡಿಯೋ ಟ್ರ್ಯಾಕ್‌ಗಳು ಎರಡೂ ಒಟ್ಟಿಗೆ ಸಿಗುತ್ತವೆ. ಒಂದಕ್ಕಿಂತ ಹೆಚ್ಚು ಡಿಸ್ಕ್‌ಗಳಿದ್ದರೆ ಎಲ್ಲ ಕ್ಯೂ ಫೈಲ್‌ಗಳನ್ನೂ ಅದೇ ಆದೇಶದಲ್ಲಿ ಸಾಲಾಗಿ ಬರೆದು, ಆಟ ಮುಂದಿನ ಡಿಸ್ಕ್ ಕೇಳಿದಾಗ ಕಂಟ್ರೋಲ್ ಮತ್ತು ಎಫ್4 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಡಿಸ್ಕ್ ಬದಲಾಗುತ್ತದೆ.